ಗಾಳಿಯ ಬಾಕಿ

ಕೌಲ್ ಬಜಾರಿನ ಚರ್ಚಿನಲ್ಲಿ
ಆರ್ಗನ್ನಿನ ಅಡಿಯಲ್ಲಿ ಕೂತು ಬೆಳೆದವನು ನಾನು.
ಕಲಿತದ್ದು ಸಂಗೀತವಲ್ಲ, ಒತ್ತುವುದು.
ಜೆಮೀಮಮ್ಮ ಟೀಚರ ಮೊಣಕಾಲು ಸೋತ ವರ್ಷ
ಎರಡು ಪೆಡಲು ನನ್ನ ಎರಡು ಅಂಗೈಗೆ ಬಂದವು.
ಹೆಸರು ಬಿಟ್ಟು ‘ಗಾಳಿ’ ಎಂದೇ ಕರೆದರು.
‘ಏ ಗಾಳಿ, ನಿದ್ದೆ ಬಂತೇನೋ?
ಆಮೆನ್ ಇನ್ನಾ ದೂರ ಐತೆ.’

ಒಂಬತ್ತು ವರ್ಷ ನಾನು ಕಂಡದ್ದು
ಬಿಳಿ ಸೀರೆಯ ಅಂಚು, ಸವೆದ ಚಪ್ಪಲಿ,
ತಾಳ ಎಣಿಸುವ ಎಡಗಾಲ ಹೆಬ್ಬೆರಳು.
ಸ್ವರದ ಹೆಸರು ತಿಳಿಯದು.
ಎಲ್ಲಿ ಎಷ್ಟು ಉಸಿರು ಬೇಕೆಂದು ತಿಳಿಯುತ್ತಿತ್ತು:
ಮದುವೆಗೆ ಕಡಿಮೆ, ಮಣ್ಣಿಗೆ ಹೆಚ್ಚು.

ಒಂದು ಬೇಸಿಗೆ ಇಲಿ ತಿದಿ ಕಡಿಯಿತು.
ಮದ್ರಾಸಿನಿಂದ ಬಂದ ರಿಪೇರಿಯ ಲೆಕ್ಕ
ಸಭೆಯ ವರ್ಷದ ಕಾಣಿಕೆಗಿಂತ ದೊಡ್ಡದು.
ಟೀಚರು ಆ ಕಾಗದ ಮಡಚಿ ಬೀಸಿಕೊಳ್ಳುತ್ತ
ರಿಕ್ಷಾ ಹತ್ತಿ, ನನ್ನನ್ನೂ ಹತ್ತಿಸಿ
ಗೊಂಬೆ ಸುಂಕಪ್ಪನ ಗುಡಿಸಲಿಗೆ ಹೋದರು.
ರಾವಣನಿಗೆಂದು ಹದ ಮಾಡಿಟ್ಟ ಆಡಿನ ತೊಗಲು,
ಒಂದು ಭುಜದ ಗೆರೆ ಆಗಲೇ ಕೊರೆದಿತ್ತು.
‘ಇಪ್ಪತ್ತು ಅದಾವೆ ಅವನಿಗೆ,
ಒಂದು ಹೋದ್ರೆ ಏನಾತು, ಒಯ್ರಿ ಅಮ್ಮಾ.’

ಮುಂದಿನ ಭಾನುವಾರ
ಚರ್ಚಿನ ತುಂಬ ರಾವಣನ ಉಸಿರು.
ಪಾಸ್ಟರಿಗೆ ಮಾತ್ರ ನಾವು ಹೇಳಲಿಲ್ಲ.

ಆಮೇಲೆ ಶನಿವಾರ ರಾತ್ರಿ ಚರ್ಚಿನ ಹಾಲಿನಲ್ಲಿ
ಪರದೆ ಕಟ್ಟಿದ ಸುಂಕಪ್ಪ, ದೀಪ ಹಚ್ಚಿದ.
ಬಯಲಾಟದವರು ಗೆಜ್ಜೆ ಕಟ್ಟಿಕೊಂಡು ಬಂದರು.
ಕಮಿಟಿ ಕೂತು ಕೇಳಿತು, ಇದೇನು ಎಂದು.
‘ಹಾಲಿನ ಬೀಗದಕೈ ನನ್ನ ಸೆರಗಿನಾಗೈತೆ.
ಸೆರಗು ಕಮಿಟಿದಲ್ಲ.’

ಮಣ್ಣಿನ ದಿನ ಬಾಡಿಗೆಯ ಕೀಬೋರ್ಡ್ ತಂದರು.
ಅದಕ್ಕೆ ಉಸಿರು ಬೇಡ, ಕರೆಂಟು ಸಾಕು.
ಕೈ ಎಲ್ಲಿಡಬೇಕೆಂದು ತಿಳಿಯದೆ
ಜೇಬಿನಲ್ಲಿ ಇಟ್ಟುಕೊಂಡು ನಿಂತೆ.

ಮೂರು ದಿನ ಕಳೆದು, ಸ್ವರಪುಸ್ತಕಗಳ ಅಡಿಯಲ್ಲಿ
ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಸಿಕ್ಕಿತು.
ಎಡಕ್ಕೆ ಕೊಟ್ಟದ್ದು, ಬಲಕ್ಕೆ ಬರಬೇಕಾದ್ದು.

ತಿಪ್ಪಯ್ಯ: ಒತ್ತೆಯಿಟ್ಟ ಬಣ್ಣದ ಪೆಟ್ಟಿಗೆ ಬಿಡಿಸಲು ಇನ್ನೂರ ಹತ್ತು.
ಬಾಕಿ: ಭೀಮ, ಒಂದು ರಾತ್ರಿ, ನಗಿಸಬೇಕು.
ಜೀನ್ಸ್ ಹೊಲಿಯುವ ಮಾಬುನ್ನಿಯ ಮಗ: ತಬಲಾ ಒಂದು ಜೊತೆ.
ಬಾಕಿ: ಅವ್ವನ ಮಷೀನು ನಿಲ್ಲಿಸಿ, ಅವಳ ಮುಂದೆ ಬಾರಿಸಬೇಕು.
ಸುಂಕಪ್ಪ: ಇವನಿಗೆ ನಾನೇ ಬಾಕಿ.
ಭುಜ ಒಂದು.

ಸುದ್ದಿ ಹೇಗೆ ಹರಡಿತೋ.
ಸ್ಮರಣೆಯ ಸಂಜೆ ತಿಪ್ಪಯ್ಯ ಬಂದ,
ಎಪ್ಪತ್ತೆಂಟು ವರ್ಷ, ಬಾಯಲ್ಲಿ ಹಲ್ಲಿಲ್ಲ, ಕೈಯಲ್ಲಿ ಗದೆ.
ಬಕಾಸುರನ ಬಂಡಿ ಅನ್ನ ಉಣ್ಣುವ ಭೀಮ
ಬನ್ನನ್ನು ಚಹಾಕ್ಕೆ ಅದ್ದಿ ತಿಂದ.
ಕಮಿಟಿಯವರೂ ಹೊಟ್ಟೆ ಹಿಡಿದು ನಕ್ಕರು.
ನಗಿಸಿದವನು ಗೋಡೆಯ ಕಡೆ ತಿರುಗಿ
ಬಹಳ ಹೊತ್ತು ಮೀಸೆಯ ಬಣ್ಣ ಒರೆಸಿಕೊಂಡ.
ಮಾಬುನ್ನಿಯ ಮಗನ ಲೆಕ್ಕ ಇನ್ನೂ ತೀರಿಲ್ಲ;
ಮಷೀನು ನಿಂತರೆ ಅವ್ವನ ಕೂಲಿ ನಿಲ್ಲುತ್ತದೆ.

ಕೊನೆಯ ಹಾಳೆಯಲ್ಲಿ, ನಡುಗುವ ಅಕ್ಷರದಲ್ಲಿ, ನಾನು.
ಗಾಳಿ: ಕೊಟ್ಟದ್ದು ಏನೂ ಇಲ್ಲ, ಕೊಟ್ಟವನು ಅವನೇ.
ಬಾಕಿ: ಒಮ್ಮೆ ಮೇಲೆ ಕೂರಬೇಕು.

ನಾನೀಗ ಅದಿರಿನ ಲಾರಿ ತೂಗುವಲ್ಲಿ ಚೀಟಿ ಬರೆಯುತ್ತೇನೆ.
ತುಂಬಿದ ತೂಕ, ಖಾಲಿ ತೂಕ, ನಡುವಿನದು ಲೆಕ್ಕ.
ಕೆಂಪು ಧೂಳು ಅಂಗಿಯಲ್ಲಿ, ಅನ್ನದಲ್ಲಿ.
ಮೊನ್ನೆ ಶನಿವಾರ, ಗುಡ್ಡದ ಬಂಡೆ
ಹಗಲ ಕಾವು ಬಿಡುತ್ತಿದ್ದ ಹೊತ್ತು,
ಹೋಗಿ ಆರ್ಗನ್ನಿನ ಮುಚ್ಚಳ ತೆರೆದೆ.
ಬಿಳಿ ಕೀಲಿಗಳ ಮೇಲೆ ಅದೇ ಧೂಳು,
ಬಾಗಿಲ ಸಂದಿಯಿಂದ ನನಗಿಂತ ಮೊದಲೇ ಬಂದದ್ದು.

ಕೂತೆ.
ಬೆನ್ನು ನೆಲ ಹುಡುಕಿತು.
ಕೈಯ ಕೆಲಸವನ್ನು ಕಾಲಿಗೆ ಹೇಳಿಕೊಟ್ಟು
ಒಂದು ಕೀಲಿ ಒತ್ತಿದೆ.
ಒಳಗೆಲ್ಲೋ ತೊಗಲ ಭುಜ ಕಿರ್ರೆಂದು ಎದ್ದಿತು.

ಆ ಸ್ವರದ ಹೆಸರು ಗೊತ್ತಿಲ್ಲ.
ಗಾಳಿ ತೀರುವವರೆಗೂ
ಬೆರಳು ಎತ್ತಲಿಲ್ಲ.