ಟ್ಯಾಬಿನೊಳಗಿನ ಟೇಬಲ್ಲು

ಸಿ ಡ್ರೈವು ಎಲ್ಲೈತಿ ತಂಗಿ, ಅಂದ ರಾಜೇಸಾಬ.
ಇಲ್ಲ ಕಾಕಾ.
ಡಿ?
ಅದೂ ಇಲ್ಲ.

ಗದಗಿನ ಪ್ರೆಸ್ಸಿನ ಓಣಿ, ಮಧ್ಯಾಹ್ನ ಮೂರು.
ಕಟಿಂಗ್ ಮಷಿನ್ನಿನ ಹೊಡೆತಕ್ಕ
ಕಪ್ಪಿನ್ಯಾಗ ಚಾ ನಡುಗತಿತ್ತು.
ಹಳೇ ಡಬ್ಬಿ ಕೆಳಗಿಳಿಸಿದ್ದೆ,
ಅದರ ಹೊಟ್ಟಿಯೊಳಗ ಕಾಗದದ ಧೂಳು, ಒಂದು ಒಣಗಿದ ಹಲ್ಲಿ.
ಹೊಸಾದು ಅಂಗೈಯಷ್ಟು. ಹಚ್ಚಿದರ ಬರೇ ಬ್ರೌಸರು,
ಅದರೊಳಗ ಗಡಿಯಾರ, ಕಡತ, ಕಸದ ಬುಟ್ಟಿ,
ಇಡೀ ಡೆಸ್ಕ್‌ಟಾಪು ಒಂದ ಟ್ಯಾಬಿನ್ಯಾಗ
ಕಾಲು ಮಡಚಿ ಕುಂತಂಗ.

ಅಂದರ ಇದು ಇಲ್ಲಿಲ್ಲ?
ಕಾಣೂದು ಇಲ್ಲೆ. ಇರೂದು ಬ್ಯಾರೆ ಕಡೆ.
ಅಂವ ಟೇಬಲ್ಲಿನ ಬುಡಕ ಬಗ್ಗಿ ನೋಡಿದ.
ನಗಬೇಕಂದೆ, ಬರಲಿಲ್ಲ.

ಹಳೇ ಲಗ್ನಪತ್ರ ಒಂದು ತೆಗೆದೆ.
ಆ ಕಾಲದ ಫಾಂಟು ಅಲ್ಲಿಗೆ ಹೋಗಿಲ್ಲ.
ಪರದೆ ತುಂಬ ²æÃ,
ಟೊಪ್ಪಿಗಿ ಹಾಕ್ಕೊಂಡ ಇಂಗ್ಲಿಷು, ಗುಣಾಕಾರ, ಪೌಂಡು.
ಕೆಟ್ಟೈತಿ ಕಾಕಾ, ಅಂದೆ.

ಚಷ್ಮಾ ಏರಿಸಿ, ಗಾಜಿನ ಮ್ಯಾಲ ಬೆರಳಿಟ್ಟು
ಅಂವ ಓದಾಕ ಹತ್ತಿದ:
ಶ್ರೀ… ಚಿ. ಸೌ. ಕಾಂ. ಅನ್ನಪೂರ್ಣಾ,
ಹೊಂಬಳದ ಅಂದಾನೆಪ್ಪ ಬಳಿಗಾರ ಇವರ ದ್ವಿತೀಯ ಪುತ್ರಿ…
ಒಂದು ಒತ್ತಕ್ಷರ ತಪ್ಪಲಿಲ್ಲ.
ಯಾವ ಕೀಲಿಗೆ ಯಾವ ಅಕ್ಷರ,
ಇಪ್ಪತ್ತು ವರ್ಷದ್ದು ಬೆರಳಿನ್ಯಾಗ ಇತ್ತು.

ಮುಹೂರ್ತಕ್ಕ ಬಂದು ನಿಂತ.
ಅಂಕಿ ಅಷ್ಟ ನನಗೂ ಓದಾಕ ಬಂತು: 11.40.
ಹತ್ತು ನಲವತ್ತಿತ್ತು ತಂಗಿ. ನಾ ತಪ್ಪು ಹೊಡದಿದ್ದೆ.
ಅರ್ಧ ಮಂದಿ ಅಕ್ಕಿಕಾಳು ಬಿದ್ದ ಮ್ಯಾಲ ಬಂದ್ರು.
ಬಳಿಗಾರರು ನನಗೊಂದು ಮಾತು ಅನಲಿಲ್ಲ.

ಇದೂ ಅಲ್ಲಿಗೆ ಹೋಗತೈತೇನು?
ಹೋಗತೈತಿ.
ತಡಿ ಹಂಗಾರ, ಅಂದ,
ಕೀಬೋರ್ಡು ತನ್ನ ಕಡೆ ಎಳಕೊಂಡ.