ಮೇಜಿನ ಕೆಳಗಿಂದ

ಬೆಂಚು ಬೇಡ ಆಚಾರ್ರೇ, ಅಂದರು ಸಬೀಹಾ ಮೇಡಂ,
ಮೇಷ್ಟ್ರು ನಿಂತು ಮಾತಾಡೋ ಕಟ್ಟೆಯೂ ಬೇಡ.
ದುಂಡು ಮೇಜು ಹದಿನಾಲ್ಕು. ಒಂದೊಂದಕ್ಕೆ ಆರು ಮಂದಿ.
ಎದುರಿನವರು ಹುಬ್ಬು ಗಂಟಿಕ್ಕಿದರೆ ಕಾಣಬೇಕು,
ಪಿಸುಗುಟ್ಟಿದರೆ ಆರನೆಯವರಿಗೂ ಮುಟ್ಟಬೇಕು,
ಅಷ್ಟೇ ಅಳತೆ.

ಪಿಸುಮಾತಿಗೆ ಯಾವ ಟೇಪು ಹಿಡಿಯಲಿ?
ಮನೆಗೆ ಹೋಗಿ ನಡುಮನೆಯಲ್ಲಿ ಸುತ್ತ ಕೂರಿಸಿದೆ:
ಹೆಂಡತಿ, ಅವಳ ಮೂವರು ತಂಗಿಯರು, ನಮ್ಮತ್ತೆ, ನಾನು.
ಸೀರೆ ಹಂಚಿಕೆಯ ಹಳೇ ಜಗಳ ತೆಗೆದು
ಅದು ಕಾವೇರುವಾಗ ದಾರ ಹಿಡಿದು ಅಳೆದೆ.
ನಾಲ್ಕೂವರೆ ಅಡಿ.

ಕಾಲೇಜು ಅಂದರೆ ಶಿಡ್ಲಘಟ್ಟದ ಹಳೇ ಗೂಡಿನ ಮಾರ್ಕೆಟ್ಟು.
ಮೂರು ಸಲ ಸುಣ್ಣ ಬಳಿದರೂ
ತುಂತುರು ಬಿದ್ದ ದಿನ ಗೋಡೆ ಹುಳದ ವಾಸನೆ ಬಿಡುತ್ತದೆ.
ಹರಾಜಿನವರು ಕೂಗುತ್ತಿದ್ದ ಜಾಗದಲ್ಲಿ
ಈಗ ಇವರು ಕೂಗುತ್ತಾರೆ.
ಪಿಯುಸಿ ಮುಗಿಸಿ ಬಂದ ಮಕ್ಕಳಲ್ಲ,
ಒಂದು ಡಿಗ್ರಿ ಪಡೆದು, ಒಂದು ಸಂಬಳ ಉಂಡು,
ಸಾಕು ಅನಿಸದೆ ಮತ್ತೆ ಪುಸ್ತಕ ಹಿಡಿದವರು.
ಒಬ್ಬನಿಗೆ ಆಗಲೇ ಬಕ್ಕತಲೆ.

ಮೊದಲು ಒಬ್ಬೊಬ್ಬರೇ, ಬಾಯಿ ಹೊಲಿದುಕೊಂಡು ಬರೀತಾರೆ.
ಆಮೇಲೆ ಅದೇ ಪ್ರಶ್ನೆ, ಆರೂ ಜನ ಸೇರಿ.
ಲಾಟರಿ ಚೀಟಿಯಂಥದ್ದೊಂದು ರಟ್ಟು;
ನಾಣ್ಯದಲ್ಲಿ ಕೆರೆದರೆ ಸರಿ ಉತ್ತರದಡಿ ನಕ್ಷತ್ರ,
ತಪ್ಪಾದರೆ ಬರೀ ಬಿಳಿ.
ಮೇಷ್ಟ್ರು ಕಿಟಕಿಗೆ ಒರಗಿ ಸುಮ್ಮನೆ ನೋಡುತ್ತಾರೆ.
ಇದಕ್ಕೂ ಸಂಬಳವೇ ಅಂತ ನಾನು ಮನಸ್ಸಲ್ಲೇ ನಕ್ಕಿದ್ದೆ.

ಆವತ್ತು ಐದನೇ ಮೇಜು ಅಲ್ಲಾಡುತ್ತೆ ಅಂತ ಕರೆದರು.
ಅಂಟಿನ ಡಬ್ಬಿ ಹಿಡಿದು ಕೆಳಗೆ ನುಸುಳಿದೆ.
ಹನ್ನೆರಡು ಕಾಲು ನನ್ನ ಸುತ್ತ.
ಮೇಲೆ ಕಾಗದದ ರೋಗಿಯೊಬ್ಬನನ್ನು ಓದುತ್ತಿದ್ದರು:
ಐವತ್ತರ ಗಂಡಸು. ಬೆನ್ನು ಮರಗಟ್ಟಿದೆ.
ಕತ್ತು ತಿರುಗದು. ಬೆಳಗ್ಗೆ ಏಳೋದಕ್ಕೆ ಹಗ್ಗ ಹಿಡಿಯುತ್ತಾನೆ.
ನನ್ನ ಸುತ್ತಿಗೆ ನಿಂತಿತು.
ನಮ್ಮನೆ ಮಂಚದ ಹಗ್ಗ ಇವರಿಗೆ ಯಾರು ಹೇಳಿದರು?

ಔಷಧದ ಅಂಗಡಿ ಮುಚ್ಚಿ ಬಂದ ಇಮ್ತಿಯಾಜ್
ಒಂದು ಹೆಸರು ಹೇಳಿದ, ಗೂಡ್ಸ್ ರೈಲಿನಷ್ಟು ಉದ್ದ.
ಕೆಜಿಎಫ್‌ನ ನರ್ಸಮ್ಮ ಸ್ಟೆಲ್ಲಾ, ಅದೇ, ಅದೇ, ಅಂದಳು.
ಐದು ಜೊತೆ ಕಾಲು ನೆಮ್ಮದಿಯಿಂದ ಚಾಚಿಕೊಂಡವು.
ಆರನೆಯದು, ಹವಾಯಿ ಚಪ್ಪಲಿ, ಹೆಬ್ಬೆರಳು ಮಡಚಿ ಕೂತಿತ್ತು.

ಅವನ ಊರಿನ ನೀರು ಯಾವುದೋ, ಅಂದಿತು ಒಂದು ಸಣ್ಣ ದನಿ.
ಪ್ರಶ್ನೆಯಲ್ಲಿ ನೀರಿಲ್ಲ ಮುನಿಲಕ್ಷ್ಮಿ, ಅಂದ ಬಕ್ಕತಲೆ.
ಕರ್ ಕರ್. ಬಿಳಿ.
ಮತ್ತೊಂದು. ಅದೂ ಬಿಳಿ.
ಮೂರನೇ ಸಲ ನಾಣ್ಯ ಅವಳ ಕೈಗೆ ಕೊಟ್ಟಿರಬೇಕು,
ಯಾರೂ ಮಾತಾಡಲಿಲ್ಲ.
ಮೂರು ವರ್ಷ ಜಿಲ್ಲೆಯ ನೀರನ್ನೆಲ್ಲ ಗಾಜಿನ ಕೊಳವೆಯಲ್ಲಿ
ಬಣ್ಣ ಬರಿಸಿ ನೋಡಿದವಳಂತೆ, ಆಮೇಲೆ ತಿಳಿಯಿತು.
ಇನ್ನೂ ಜೋರಾಗಿ ಯಾಕೆ ಹೇಳಲಿಲ್ಲ ನೀನು?
ಇನ್ನೂ ಮೆತ್ತಗೆ ಯಾಕೆ ಕೇಳಲಿಲ್ಲ ನೀವು?
ಅಲ್ಲಿಗೆ ನಕ್ಷತ್ರದ ಸಂಭ್ರಮ ಮುಗಿಯಿತು.

ನಾನು ಹೊರಗೆ ತೆವಳಿ, ಮೇಜು ಹಿಡಿದು ಎದ್ದೆ.
ಯಾರೋ ಕರೆದರು. ಕತ್ತು ಬರಲಿಲ್ಲ,
ಎಂದಿನಂತೆ ಇಡೀ ಮೈ ತಿರುಗಿಸಿ ನೋಡಿದೆ.
ಆರೂ ಜನ ಕಾಗದ ಕೆಳಗಿಟ್ಟರು.

ಆಚಾರ್ರೇ, ನಿಮ್ಮೂರು?
ಗುಡಿಬಂಡೆ ಕಡೆ.
ಬೋರು ಎಷ್ಟು ಅಡಿ?
ಸಾವಿರದ ಇನ್ನೂರು. ನಾನು ಚಿಕ್ಕವನಿದ್ದಾಗ ಬಾವಿಯಿತ್ತು.
ಹಲ್ಲು ತೋರಿಸಿ, ಅಂದಳು ಸ್ಟೆಲ್ಲಾ.
ಇಮ್ತಿಯಾಜ್ ನಾನು ನುಂಗುವ ಮಾತ್ರೆ ಯಾವುದೆಂದು ಕೇಳಿದ.
ಉಳಿ ಹಿಡಿದು ಬಗ್ಗಿ ಬಗ್ಗಿ ಹೀಗಾಯಿತು ಅಂತ
ಮೂವತ್ತು ವರ್ಷ ಕಸುಬನ್ನು ಬೈದಿದ್ದೆ ನಾನು.

ಬಾಗಿದ್ದು ನೆಟ್ಟಗಾಗೋದಿಲ್ಲ, ಸುಳ್ಳು ಹೇಳಲಾರೆ,
ಅಂದಳು ಮುನಿಲಕ್ಷ್ಮಿ. ಈ ಸಲ ಎಲ್ಲರಿಗೂ ಕೇಳುವಂತೆ.
ಮನೆಯಲ್ಲಿ ಮಕ್ಕಳು ಇದ್ದಾರಾ?
ಏಳನೇ ಕುರ್ಚಿ ಎಳೆದರು.
ಮೊಣಕಾಲಿಗೆ ಮೊಣಕಾಲು ತಾಗಿತು, ನನ್ನದೇ ಅಳತೆಯ ತಪ್ಪು.
ನನ್ನ ಮಾತಿಗೆ ಎಲ್ಲರೂ ಮೊಣಕೈಯೂರಿ ಮುಂದಕ್ಕೆ ಬಾಗಿದಾಗ
ಬೇರೇನೂ ತೋಚದೆ ಅಂದೆ:
ಭಾರ ಬಿಡಬೇಡ್ರಮ್ಮಾ,
ಅಂಟು ಇನ್ನೂ ಹಸಿ.