ತೇಗು

ಜಾಮಿನ ಜಾಡಿ. ಲಿಂಗನ್‌ಬೆರಿಯ ಚೀಟಿ
ಅರ್ಧ ಹರಿದು ಇನ್ನೂ ಅಂಟಿಕೊಂಡಿದೆ.
ಗಾಜಿನ ಮೇಲೆ ಉಗುರುಬಣ್ಣದಲ್ಲಿ ಗೆರೆ ಎಳೆದವಳು ವಿಜ್ಮಾ:
ಇಪ್ಪತ್ತು ಮಿಲಿ, ನಲವತ್ತು, ಅರವತ್ತು.
ಅದರಾಚೆ ಗೆರೆಯಿಲ್ಲ.
"ಅಲ್ಲಿಗೆ ಮುಟ್ಟಿದರೆ ಗಂಟುಮೂಟೆ ಕಟ್ಟೋಣ" ಅಂದಿದ್ದಳು.

ಅಕ್ಕ ಓಡಿಸುತ್ತಾಳೆ. ನಾನು ಅಳೆಯುತ್ತೇನೆ.

ರೀಗಾದ ಅಂಚಿಗೆ, ಪೈನ್ ಮರಗಳ ನಡುವೆ ಬಿಕೆರ್ನಿಯೆಕಿಯ ಟ್ರ್ಯಾಕು.
ತೊಂಬತ್ತೆರಡರ ಗಾಲ್ಫ್; ಬಾನೆಟ್ಟಿಗೊಂದು ಬಣ್ಣ, ಬಾಗಿಲಿಗೊಂದು.
ಮೂರನೇ ಸಿಲಿಂಡರಿನ ರಿಂಗು ಸವೆದಿದೆ, ಗೊತ್ತು.
ಚಳಿಗಾಲದಲ್ಲಿ ಅದಕ್ಕೆ ಗಾಳಿ ತುಂಬಿ
ಎಣ್ಣೆಯ ಮುಚ್ಚಳ ತೆಗೆದು ಕಿವಿಯಿಟ್ಟಿದ್ದೆ:
ಒಳಗೆ ಯಾರೋ ಹಲ್ಲು ಕಚ್ಚಿಕೊಂಡು
ಉಸಿರು ಬಿಡುವ ಸದ್ದು.

ಎಲ್ಲ ಎಂಜಿನ್ನೂ ತೇಗುತ್ತದೆ, ಹಳೆಯದು ಹೆಚ್ಚು ತೇಗುತ್ತದೆ.
ಉರಿ ಪಿಸ್ಟನ್ನನ್ನು ದಬ್ಬುವಾಗ ಒಂದಿಷ್ಟು
ಸಂದಿಯಲ್ಲಿ ನುಸುಳಿ ಕೆಳಹೊಟ್ಟೆಗೆ ಇಳಿಯುತ್ತದೆ,
ಎಣ್ಣೆಯ ತುಂತುರನ್ನು ಹೊತ್ತುಕೊಂಡು ದಾರಿ ಹುಡುಕುತ್ತದೆ.
ಕಾರ್ಖಾನೆಯವರ ನಿಯಮ: ತೇಗಿದ್ದನ್ನು ನೀನೇ ನುಂಗು.
ಒಂದು ಕೊಳವೆ, ಒಂದು ಪುಟ್ಟ ಕವಾಟ, ತಿರುಗಿ ಬಾಯಿಗೇ.
ಪೇಟೆಯಲ್ಲಿ ನಡೆದೀತು. ಸಿಗ್ನಲ್ಲು, ಮಂದ ಗೇರು,
ಎಷ್ಟೋ ಸಂಗತಿ ಹೊಟ್ಟೆಗೆ ಹಾಕಿಕೊಳ್ಳಬಹುದು ಅಲ್ಲಿ.
ಇಲ್ಲಿ ಆರು ಸಾವಿರದ ಮೇಲೆ,
ಆ ಉದ್ದದ ಬಲತಿರುವಿನಲ್ಲಿ
ಎಣ್ಣೆಯೆಲ್ಲ ಎಡಗೋಡೆ ಹತ್ತಿ ನಿಂತಾಗ
ಹೊಟ್ಟೆಗೆ ಹಾಕಿಕೊಂಡದ್ದೆಲ್ಲ ನೀಲಿ ಹೊಗೆ,
ಹಿಂದಿನವನ ಗಾಜಿಗೆ.

ಅದಕ್ಕೇ ಕೊಳವೆಯನ್ನು ನಡುವೆ ಕತ್ತರಿಸಿ ಡಬ್ಬಿ ಕೂರಿಸಿದೆ.
ಮೊದಲಿನದು ಕ್ವಾಸ್ ಕುಡಿದು ಮುಗಿಸಿದ ಬಾಟಲಿ. ಬಿಸಿಗೆ ಮುದುಡಿ ಸತ್ತಿತು.
ಈಗಿನದು ಅಲ್ಯೂಮಿನಿಯಂ, ಒಳಗೆ ಪಾತ್ರೆ ಉಜ್ಜುವ ಉಕ್ಕಿನ ನಾರು:
ಆವಿ ಅದರಲ್ಲಿ ತಡವರಿಸಿ ಹನಿಗಟ್ಟಿ ಉದುರಲಿ ಎಂದು.

ಮೊದಲ ಸುತ್ತಾಟ: ನಲವತ್ತು.
ಕಾಫಿಬಣ್ಣ, ಮೇಲೆ ಬೆಳಗಿನ ತೇವದ ಬಿಳಿ ಕೆನೆ.
ಎರಡನೆಯದು: ನಲವತ್ತೈದು.
ಮೂರನೆಯದು: ಸೊನ್ನೆ.

ನಾನು ಸಿಳ್ಳೆ ಹಾಕಿದೆ. ಖಾಲಿ ಜಾಡಿಯನ್ನು
ಬಿಸಿಲಿಗೆ ಎತ್ತಿ ತೋರಿಸಿದೆ, ಪದಕದ ಹಾಗೆ.
ವಿಜ್ಮಾ ನಗಲಿಲ್ಲ. ಒಂದು ಗ್ಲೌಸು ಬಿಚ್ಚಿ ಕೇಳಿದಳು:
"ಹಾಗಾದರೆ ಎಲ್ಲಿಗೆ ಹೋಯಿತು?"

ನಾಲ್ಕನೆಯದರ ಎರಡನೇ ಲ್ಯಾಪಿನಲ್ಲಿ
ಎಣ್ಣೆಯ ಅಳತೆಕಡ್ಡಿ ಟಪ್ಪೆಂದು ಹಾರಿತು.
ಕಾದ ಎಕ್ಸಾಸ್ಟಿನ ಮೇಲೆ ಎಣ್ಣೆ. ಬಿಳಿ ಹೊಗೆ. ಬಾವುಟ.
ಕಾರು ಎಳೆದು ತಂದವರು ಏನೂ ಹೇಳದೆ ಹೋದರು,
ಅದು ಬೈಗುಳಕ್ಕಿಂತ ಹೆಚ್ಚು.

ಬಾನೆಟ್ಟಿನಡಿ, ಡಬ್ಬಿಗೆ ಮೊದಲು, ನಾನೇ ಬಿಗಿದ ಪ್ಲಾಸ್ಟಿಕ್ ಪಟ್ಟಿ.
ಅಲುಗದಿರಲಿ ಎಂದು, ನೋಡಲು ಚೊಕ್ಕಟವಾಗಿರಲಿ ಎಂದು
ಇಕ್ಕಳ ಹಾಕಿ ಎಳೆದು ಬಿಗಿದದ್ದು.
ಬಿಸಿಗೆ ಮೆತ್ತಗಾದ ಕೊಳವೆ
ಅದರಡಿ ಮಡಚಿಕೊಂಡು ಬಾಯಿ ಮುಚ್ಚಿತ್ತು.

ಟೈರಿನ ಮೇಲೆ ಕೂತು ವಿಜ್ಮಾ ರೈ ಬ್ರೆಡ್ಡು ತಿಂದಳು.
ವಾರವೆಲ್ಲ ಅವಳದು ಟ್ರಾಲಿಬಸ್ಸು:
ತಂತಿಯ ಕೆಳಗೆ ಸದ್ದಿಲ್ಲದೆ ಸಾಗುವ ಅದಕ್ಕೆ
ಇಂಥ ಹೊಟ್ಟೆಯೇ ಇಲ್ಲ.
"ಬೈದುಬಿಡು" ಅಂದೆ.
ತುತ್ತು ನುಂಗಿದಳು. ಆಮೇಲೆ ಶುರುವಾಯಿತು.
ಪಟ್ಟಿಗೆ ಬೈದಳು, ಸಿಳ್ಳೆಗೆ ಬೈದಳು,
ಹೋದ ವರ್ಷದ ಕ್ಲಚ್ಚಿಗೆ, ತೀರಿಸದ ಇನ್ನೂರು ಯೂರೋಗೆ,
ಅಮ್ಮನ ಶಸ್ತ್ರಚಿಕಿತ್ಸೆಯ ದಿನ ನಾನು ಫೋನು ಎತ್ತದ್ದಕ್ಕೆ.
ಅಷ್ಟು ದಿನ ಅದು ಅವಳೊಳಗೆ ಎಲ್ಲಿತ್ತೋ.
ಜಾಡಿ ಕೈಯಲ್ಲೇ ಹಿಡಿದು ನಿಂತಿದ್ದೆ.

ಸಂಜೆ ಪಟ್ಟಿ ಕತ್ತರಿಸಿ ಹೊಸ ಕೊಳವೆ ಸಡಿಲವಾಗಿ ಹಾಯಿಸಿದೆ.
ಅಳತೆಕಡ್ಡಿಗೆ ಒಂದು ಸ್ಪ್ರಿಂಗು.
ಅವಳು ಕೀಲಿ ತಿರುಗಿಸಿದಳು.
ಡಬ್ಬಿಗೆ ಜೋಡಿಸುವ ಮೊದಲು ಕೊಳವೆಯ ತುದಿಗೆ
ಅಂಗೈ ಒಡ್ಡಿದೆ: ಬೆಚ್ಚಗೆ, ತುಸು ಒದ್ದೆ,
ಸುಟ್ಟ ಎಣ್ಣೆಯ ಕಮಟು.

"ಬರುತ್ತಿದೆಯಾ?" ಅಂತ ಒಳಗಿನಿಂದ ಕೂಗಿದಳು.
"ಬರುತ್ತಿದೆ."